ಸರ್ಪಸುತ್ತು ಒಣಗಿದ ಮೇಲೆ ಬರುವ ಪಾರ್ಶ್ವವಾಯು



ಸೊಂಟದ ಒಂದು ಬದಿಯಲ್ಲೋ ಎದೆಯ ಪಕ್ಕದಲ್ಲೋ ಹಣೆಯ ಮೇಲೋ ಸಾಲಾಗಿ ಏಳುವ ನೀರ್ಗುಳ್ಳೆಗಳನ್ನು ನಮ್ಮ ದಾವಣಗೆರೆ, ಹರಿಹರದ ಕಡೆ ಸರ್ಪಸುತ್ತು ಎನ್ನುತ್ತಾರೆ. ಕೆಲವರು ಸರ್ಪಹುಣ್ಣು ಎನ್ನುತ್ತಾರೆ. ಗುಳ್ಳೆ ಒಡೆದು, ಹಕ್ಕಳೆಗಟ್ಟಿ, ಉದುರಿಹೋಗುವುದಕ್ಕೆ ಮೂರು ನಾಲ್ಕು ವಾರ ಬೇಕು. ಆಮೇಲೆ ಉಳಿಯುವ ಉರಿ ಮತ್ತು ನರನೋವಿನ ಬಗ್ಗೆ ಬಹಳ ಮಂದಿಗೆ ಗೊತ್ತಿದೆ, ಏಕೆಂದರೆ ಆ ನೋವು ರಾತ್ರಿಯ ನಿದ್ದೆಯನ್ನೇ ಕೆಡಿಸುತ್ತದೆ. ಆದರೆ ಇದೇ ರೋಗ ಕೆಲವರಲ್ಲಿ ಮೆದುಳಿನ ರಕ್ತನಾಳವನ್ನು ಸೇರಿಕೊಂಡು, ಹಕ್ಕಳೆ ಉದುರಿ ತಿಂಗಳುಗಳಾದ ಮೇಲೂ ಸ್ಟ್ರೋಕ್, ಅಂದರೆ ಪಾರ್ಶ್ವವಾಯು ತರಬಹುದು ಎಂಬುದು ಗೊತ್ತಿರುವವರು ಕಡಿಮೆ. ಈ ತಿಂಗಳು ಅದನ್ನೇ ತಿಳಿದುಕೊಳ್ಳೋಣ.

ಮೊದಲೇ ಒಂದು ಸಮಾಧಾನದ ಮಾತು. ಸರ್ಪಸುತ್ತು ಬಂದ ಹೆಚ್ಚಿನವರಿಗೆ ಪಾರ್ಶ್ವವಾಯು ಬರುವುದಿಲ್ಲ. ನೂರಾರು ಮಂದಿ ಗುಣವಾಗಿ ತಮ್ಮ ಪಾಡಿಗೆ ಇರುತ್ತಾರೆ. ಹೆದರಿಸುವುದು ಈ ಲೇಖನದ ಉದ್ದೇಶವಲ್ಲ. ಆದರೆ ಬರುವ ಆ ಕೆಲವರಲ್ಲಿ ಮನೆಯವರು ಎರಡು ವಿಷಯ ತಿಳಿದಿದ್ದರೆ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಗುಳ್ಳೆ ಎದ್ದ ಮೊದಲ ಮೂರು ದಿನ ಏನು ಮಾಡಬೇಕು ಎಂಬುದು ಒಂದು. ಮುಂದೆ ಎಂದಾದರೂ ಕೈಕಾಲು ಸೋತರೆ ಆಸ್ಪತ್ರೆಯಲ್ಲಿ ಯಾವ ಮಾತನ್ನು ಮರೆಯದೆ ಹೇಳಬೇಕು ಎಂಬುದು ಇನ್ನೊಂದು.

ಹಾವಲ್ಲ, ಹಳೆಯ ಸೀತಾಳೆ

ಸರ್ಪಸುತ್ತಿಗೂ ಹಾವಿಗೂ ಯಾವ ಸಂಬಂಧವೂ ಇಲ್ಲ. ಎಂದೋ ಹಾವು ಕೊಂದದ್ದರ ಫಲ ಎಂದು ನಂಬಿ ಕೊರಗುವವರು ನಮ್ಮ ಮೊಹಲ್ಲಾಗಳಲ್ಲೂ ಇದ್ದಾರೆ. ಬಾಲ್ಯದಲ್ಲಿ ಬಂದುಹೋದ ಸೀತಾಳೆ ಸಿಡುಬಿನ, ಅಂದರೆ ಚಿಕನ್ ಪಾಕ್ಸಿನ ವೈರಸ್ಸೇ ಇದಕ್ಕೆ ಕಾರಣ. ಸೀತಾಳೆ ವಾಸಿಯಾದಾಗ ಆ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ, ಮುಖದ ನರದ ಬುಡದಲ್ಲಿ ಸದ್ದಿಲ್ಲದೆ ಅಡಗಿ ಕೂರುತ್ತದೆ. ವಯಸ್ಸು ಐವತ್ತು ದಾಟಿದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಕ್ಯಾನ್ಸರ್ ಚಿಕಿತ್ಸೆ ಅಥವಾ ದೀರ್ಘಕಾಲದ ಸ್ಟೀರಾಯ್ಡ್‌ನಿಂದ ರೋಗನಿರೋಧಕ ಶಕ್ತಿ ಕುಗ್ಗಿದಾಗ ಮತ್ತೆ ಏಳುತ್ತದೆ. ಎದ್ದದ್ದು ತಾನು ಅಡಗಿದ್ದ ನರದ ದಾರಿ ಹಿಡಿದೇ ಚರ್ಮಕ್ಕೆ ಬರುತ್ತದೆ. ಒಂದೊಂದು ನರವೂ ದೇಹದ ಒಂದೇ ಬದಿಗೆ ಹೋಗುವುದರಿಂದ ಗುಳ್ಳೆಗಳೂ ಒಂದೇ ಬದಿಯಲ್ಲಿ ಪಟ್ಟಿಯಂತೆ ಏಳುತ್ತವೆ. 'ಹಾವಿನ ತಲೆ ಬಾಲ ಕೂಡಿದರೆ ಪ್ರಾಣ ಹೋಗುತ್ತದೆ' ಎಂಬ ಭಯಕ್ಕೆ ಆಧಾರವಿಲ್ಲ.

ಗುಳ್ಳೆ ಕಾಣುವ ಎರಡು ಮೂರು ದಿನ ಮೊದಲೇ ಆ ಜಾಗದಲ್ಲಿ ಉರಿ, ಚುಚ್ಚು, ಜುಮ್ಮೆನ್ನುವುದು ಶುರುವಾಗುತ್ತದೆ. ಎದೆಯಲ್ಲಾದರೆ ಗ್ಯಾಸ್ ಎನ್ನುತ್ತಾರೆ, ಹಣೆಯಲ್ಲಾದರೆ ಅರೆತಲೆನೋವು ಎನ್ನುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವವರು 'ಭಟ್ಟಿ ಕಾವಿಗೆ ಉಷ್ಣವಾಗಿ ಎದ್ದ ಗುಳ್ಳೆ' ಎಂದುಕೊಂಡು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಅವರನ್ನು ದೂರುವಂತಿಲ್ಲ. ನಮ್ಮ ಯುನಾನಿ ಗ್ರಂಥಗಳೂ ಇಂಥ ಗುಳ್ಳೆಗಳಿಗೆ ನಮ್ಲಾ ಎಂಬ ಹೆಸರಿಟ್ಟು, ಬಿಸಿ ಗುಣದ ಸಫ್ರಾ ದೋಷವನ್ನೇ ಕಾರಣವಾಗಿ ಹೇಳಿವೆ. ನಮ್ಲಾ ಎಂದರೆ ಅರಬಿಯಲ್ಲಿ ಇರುವೆ. ಇರುವೆ ಹರಿದಂತೆ, ಕಚ್ಚಿದಂತೆ ಆಗುವ ಆ ಅನುಭವವನ್ನು ಹಳಬರು ಸರಿಯಾಗಿಯೇ ಗುರುತಿಸಿದ್ದರು. ವೈರಸ್ಸನ್ನು ಕಾಣುವ ಸಾಧನ ಅವರ ಕಾಲದಲ್ಲಿ ಇರಲಿಲ್ಲ.

ಚರ್ಮದ ರೋಗ ಮೆದುಳಿಗೆ ಹೋಗುವುದು ಹೇಗೆ?

ಹಣೆ, ಕಣ್ಣು, ಕೆನ್ನೆ, ದವಡೆಗೆ ಸ್ಪರ್ಶಜ್ಞಾನ ಕೊಡುವುದು ಒಂದೇ ದೊಡ್ಡ ನರ. ಅದರ ಗಂಟು ತಲೆಬುರುಡೆಯ ಒಳಗಿದೆ. ಆ ಗಂಟಿನಿಂದ ಕೆಲವು ಎಳೆಗಳು ಹೊರಗೆ ಹಣೆಯ ಚರ್ಮಕ್ಕೆ ಬರುತ್ತವೆ, ಕೆಲವು ಒಳಗೆ ಮೆದುಳಿನ ಅಪಧಮನಿಗಳ ಗೋಡೆಗೆ ಹೋಗುತ್ತವೆ. ನಮಗೆ ತಲೆನೋವಿನ ಅರಿವು ಬರುವುದೂ ಬಹುಪಾಲು ಈ ಒಳದಾರಿಯಿಂದಲೇ. ಎಚ್ಚೆತ್ತ ವೈರಸ್ ಹೊರದಾರಿ ಹಿಡಿದರೆ ಹಣೆಯ ಮೇಲೆ ಗುಳ್ಳೆ. ಒಳದಾರಿಯನ್ನೂ ಹಿಡಿದರೆ ಅಪಧಮನಿಯ ಹೊರಪದರಕ್ಕೆ ಸೇರಿ, ಅಲ್ಲಿಂದ ಒಳಪದರದತ್ತ ಸಾಗುತ್ತದೆ. ನಾಳದ ಗೋಡೆ ಊದಿಕೊಳ್ಳುತ್ತದೆ, ದಪ್ಪವಾಗುತ್ತದೆ, ರಕ್ತ ಹರಿಯುವ ದಾರಿ ಕಿರಿದಾಗುತ್ತದೆ. ಕಿರಿದಾದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದರ ಮುಂದಿನ ಮೆದುಳಿನ ಭಾಗಕ್ಕೆ ರಕ್ತ ನಿಲ್ಲುತ್ತದೆ. ಕೆಲವೊಮ್ಮೆ ಗೋಡೆ ಸಡಿಲವಾಗಿ ಬಲೂನಿನಂತೆ ಉಬ್ಬಿ ಒಡೆದು, ಮೆದುಳಿನೊಳಗೆ ರಕ್ತಸ್ರಾವವೂ ಆಗುತ್ತದೆ.

ಬಲ ಹಣೆಯ ಮೇಲೆ ಸರ್ಪಸುತ್ತು ಎದ್ದರೆ ಬಲಭಾಗದ ಮೆದುಳಿನ ನಾಳಕ್ಕೆ ಅಪಾಯ. ಬಲಭಾಗದ ಮೆದುಳು ನಡೆಸುವುದು ಎಡಗೈ, ಎಡಗಾಲನ್ನು. ಆದ್ದರಿಂದ ಬಲ ಹಣೆಯ ಗುಳ್ಳೆ ವಾಸಿಯಾದ ವಾರಗಳ ಅಥವಾ ತಿಂಗಳುಗಳ ನಂತರ ಎಡಗೈ ಎಡಗಾಲು ಸೋಲುತ್ತದೆ. ಒಂದು ಕಡೆ ಗುಳ್ಳೆ, ಇನ್ನೊಂದು ಕಡೆ ಸೋಲು, ನಡುವೆ ತಿಂಗಳುಗಳ ಅಂತರ. ಎರಡಕ್ಕೂ ನಂಟಿದೆ ಎಂದು ಮನೆಯವರಿಗೆ ಹೊಳೆಯದಿರುವುದು ಸಹಜ. ಇದೇ ಕಾರಣಕ್ಕೆ ಈ ರೋಗ ತಪ್ಪಿಸಿಕೊಳ್ಳುತ್ತದೆ.

ಅಮೆರಿಕದ ಕೊಲರಾಡೋದಲ್ಲಿ ಡಾ. ಡಾನ್ ಗಿಲ್ಡನ್, ಡಾ. ಮರಿಯಾ ನಾಗೆಲ್ ಮತ್ತು ಸಂಗಡಿಗರು ಈ ವಿಷಯದ ಬೆನ್ನು ಹತ್ತಿದವರು. 2008ರಲ್ಲಿ ಅವರು ಪ್ರಕಟಿಸಿದ 30 ರೋಗಿಗಳ ವಿವರದಲ್ಲಿ ಗುಳ್ಳೆ ಎದ್ದ ದಿನದಿಂದ ನರದ ಲಕ್ಷಣ ಕಾಣಿಸಿಕೊಳ್ಳುವವರೆಗಿನ ಸರಾಸರಿ ಅಂತರ ಸುಮಾರು ನಾಲ್ಕು ತಿಂಗಳು. ಶೇ. 37 ಮಂದಿಗೆ ಗುಳ್ಳೆಯೇ ಎದ್ದಿರಲಿಲ್ಲ. ಬ್ರಿಟನ್ನಿನಲ್ಲಿ ಸರ್ಪಸುತ್ತು ಮತ್ತು ಸ್ಟ್ರೋಕ್ ಎರಡೂ ಆಗಿದ್ದ ಆರೂವರೆ ಸಾವಿರ ಮಂದಿಯ ದಾಖಲೆ ನೋಡಿದ 2014ರ ಅಧ್ಯಯನವೂ ಇದೆ. ಗುಳ್ಳೆ ಎದ್ದ ಮೊದಲ ನಾಲ್ಕು ವಾರಗಳಲ್ಲಿ ಸ್ಟ್ರೋಕ್ ಪ್ರಮಾಣ ಅದೇ ಜನರ ಬೇರೆ ದಿನಗಳಿಗಿಂತ ಶೇ. 63ರಷ್ಟು ಹೆಚ್ಚು. ಆಮೇಲೆ ನಿಧಾನಕ್ಕೆ ಇಳಿಯುತ್ತಾ ಆರು ತಿಂಗಳ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಬರುತ್ತದೆ. ಕಣ್ಣಿನ ಸುತ್ತ ಬಂದಿದ್ದರೆ ಐದರಿಂದ ಹನ್ನೆರಡನೆಯ ವಾರದ ಅವಧಿಯಲ್ಲಿ ಅಪಾಯ ಸುಮಾರು ಮೂರು ಪಟ್ಟು. ವೈರಸ್ ನಿರೋಧಕ ಮಾತ್ರೆ ತೆಗೆದುಕೊಂಡವರಲ್ಲಿ ಈ ಏರಿಕೆ ಕಡಿಮೆ ಇತ್ತು. ನನ್ನ ದೃಷ್ಟಿಯಲ್ಲಿ ಆ ಅಧ್ಯಯನದಲ್ಲಿ ನಮಗೆ ಅತಿ ಉಪಯೋಗದ ಸಾಲು ಇದೇ.

ಸೊಂಟದ ಸರ್ಪಸುತ್ತಿನಲ್ಲೂ ಅಪಾಯ ಸ್ವಲ್ಪ ಏರುತ್ತದೆ. ಅದಕ್ಕೆ ದೇಹವಿಡೀ ಹರಡುವ ಉರಿಯೂತ, ತಡೆಯಲಾಗದ ನೋವಿನಿಂದ ಏರುವ ರಕ್ತದೊತ್ತಡ ಕಾರಣವಿರಬಹುದು. ಬಿ.ಪಿ., ಶುಗರ್ ಇರುವವರು ನೋವಿನ ಆ ದಿನಗಳಲ್ಲಿ ತಮ್ಮ ಎಂದಿನ ಮಾತ್ರೆ ನಿಲ್ಲಿಸಬಾರದು. 'ಈಗ ಬೇರೆ ಮಾತ್ರೆ ನಡೀತಿದೆ, ಎರಡೂ ಸೇರಿ ಉಷ್ಣ ಆಗುತ್ತೆ' ಎಂದು ನಿಲ್ಲಿಸುವವರನ್ನು ನಾನು ಆಗಾಗ ನೋಡುತ್ತೇನೆ. ಬೀಡಿ ಸಿಗರೇಟು ಸೇದುವವರಿಗೆ ಬೇರೆ ಹೇಳಬೇಕಾಗಿಲ್ಲ.

ದಮ್ ಮಾಡಿಸಿ, ಮಾತ್ರೆಯನ್ನೂ ನುಂಗಿ

ಸರ್ಪಸುತ್ತು ಎಂದ ಕೂಡಲೇ ನಮ್ಮಲ್ಲಿ ಮೊದಲ ಓಡಾಟ ದಮ್ ಮಾಡುವ ಹಜರತರ ಕಡೆಗೆ, ಇಲ್ಲವೇ ಕೆಮ್ಮಣ್ಣು ಬಳಿಯುವವರ ಕಡೆಗೆ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ನಮ್ಲಾಕ್ಕೆ ರುಕ್ಯಾ ಮಾಡಲು ಪ್ರವಾದಿವರ್ಯರು(ಸ) ಅನುಮತಿ ನೀಡಿದ್ದರು ಎಂಬುದು ಸಹೀಹ್ ಮುಸ್ಲಿಮಿನಲ್ಲಿದೆ. ಓದು ಬರಹ ಬಲ್ಲವರಾಗಿದ್ದ ಹ. ಶಿಫಾ ಬಿಂತ್ ಅಬ್ದುಲ್ಲಾಹ್(ರ) ಅವರು ನಮ್ಲಾದ ರುಕ್ಯಾವನ್ನು ಹ. ಹಫ್ಸಾ(ರ) ಅವರಿಗೆ ಕಲಿಸಬೇಕೆಂದು ಹೇಳಿದ ಪ್ರಸಂಗ ಅಬೂ ದಾವೂದಿನಲ್ಲಿದೆ. ಈ ನಮ್ಲಾ ಎಂದರೆ ಪಕ್ಕೆಯಲ್ಲಿ ಏಳುವ ಹುಣ್ಣು ಎಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಹಾಗಾಗಿ ದಮ್ ಮಾಡಿಸಬೇಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ರೋಗಕ್ಕೆ ಔಷಧ ಮಾಡಿರೆಂದು ಹೇಳಿದವರೂ ಅದೇ ಪ್ರವಾದಿವರ್ಯರು(ಸ). ನನ್ನ ವಿನಂತಿ ಇಷ್ಟೇ: ದಮ್ ಐದು ನಿಮಿಷದ ಕೆಲಸ, ಅದಕ್ಕಾಗಿ ಐದು ದಿನ ಕಳೆಯಬೇಡಿ.

ಕೆಮ್ಮಣ್ಣಿನ ಮಾತು ಬೇರೆ. ಒಡೆದ ಗುಳ್ಳೆಗೆ ಮಣ್ಣು ಬಳಿದರೆ ಕೀವಾಗುತ್ತದೆ. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ಬಣ್ಣದಡಿ ಗುಳ್ಳೆ ಎಲ್ಲಿವರೆಗೆ ಹೋಗಿದೆ ಎಂದು ವೈದ್ಯರಿಗೆ ಕಾಣುವುದೇ ಇಲ್ಲ.

ಮೊದಲ ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ನಿರೋಧಕ ಮಾತ್ರೆ ಶುರುವಾಗಬೇಕು. ಅಸೈಕ್ಲೋವಿರ್ ಆದರೆ ದಿನಕ್ಕೆ ಐದು ಬಾರಿ, ವಾಲಾಸೈಕ್ಲೋವಿರ್ ಆದರೆ ದಿನಕ್ಕೆ ಮೂರು ಬಾರಿ, ಸಾಮಾನ್ಯವಾಗಿ ಏಳು ದಿನ. ಮೂತ್ರಪಿಂಡದ ತೊಂದರೆ ಇದ್ದವರಿಗೆ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ. ಆದ್ದರಿಂದ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಮಾತ್ರೆಯಲ್ಲ, ವೈದ್ಯರು ಬರೆದುಕೊಡಬೇಕು. 72 ಗಂಟೆ ದಾಟಿತು ಎಂದು ಕೈಬಿಡಲೂಬಾರದು. ಹೊಸ ಗುಳ್ಳೆ ಏಳುತ್ತಿದ್ದರೆ, ಅಥವಾ ಮುಖದ ಮೇಲೆ ಬಂದಿದ್ದರೆ ತಡವಾಗಿಯಾದರೂ ಕೊಡುತ್ತಾರೆ. ನಾನು ಯುನಾನಿ ವೈದ್ಯ. ಉಳಿದ ನರನೋವಿಗೆ, ಚರ್ಮದ ಉರಿಗೆ, ಸೋತ ದೇಹಕ್ಕೆ ನಮ್ಮ ಪದ್ಧತಿಯಲ್ಲಿ ಮಾಡಬಹುದಾದದ್ದು ಇದೆ. ಆದರೆ ಈ ಮೊದಲ ವಾರದಲ್ಲಿ ವೈರಸ್ಸನ್ನು ತಡೆಯಲು ಈ ಮಾತ್ರೆಗೆ ಸಮನಾದದ್ದು ನನ್ನ ದವಾಖಾನೆಯ ಕಪಾಟಿನಲ್ಲಿ ಇಲ್ಲ. ನನ್ನಲ್ಲಿಗೆ ಬಂದವರನ್ನು ಅಂದೇ ಎಂಬಿಬಿಎಸ್ ವೈದ್ಯರ ಬಳಿ ಕಳಿಸುತ್ತೇನೆ.

ರಮಝಾನಿನಲ್ಲಿ ಒಂದು ತೊಡಕು ಬರುತ್ತದೆ. ದಿನಕ್ಕೆ ಐದು ಬಾರಿಯ ಮಾತ್ರೆಯನ್ನು ಇಫ್ತಾರಿಗೊಮ್ಮೆ ಸಹರಿಗೊಮ್ಮೆ ನುಂಗಿದರೆ ರಕ್ತದಲ್ಲಿ ಔಷಧ ಸಾಕಾಗುವುದಿಲ್ಲ. ರೋಗಿಗೆ ಉಪವಾಸದಿಂದ ರಿಯಾಯಿತಿ ಕುರ್‌ಆನಿನಲ್ಲೇ ಇದೆ, ಬಿಟ್ಟ ಉಪವಾಸವನ್ನು ನಂತರ ಪೂರೈಸಬಹುದು. ವೈದ್ಯರೊಂದಿಗೂ ನಿಮ್ಮ ಮಸೀದಿಯ ಆಲಿಮರೊಂದಿಗೂ ಮಾತಾಡಿ ಅಂದೇ ನಿರ್ಧರಿಸಿ.

ಮುಖದ ಮೇಲೆ ಬಂದರೆ ಮನೆಯಲ್ಲಿ ಒಂದು ದಿನವೂ ಕಾಯಬೇಡಿ. ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಕಣ್ಣಿನೊಳಗೂ ರೋಗ ಇಳಿದಿರುವ ಸಂಭವ ಹೆಚ್ಚು. ಅಂದೇ ಕಣ್ಣಿನ ತಜ್ಞರಿಗೆ ತೋರಿಸಬೇಕು. ಕ್ಯಾಲೆಂಡರಿನಲ್ಲಿ ಗುಳ್ಳೆ ಎದ್ದ ತಾರೀಕಿಗೆ ಒಂದು ಗುರುತು ಹಾಕಿ, ಯಾವ ಕಡೆ ಎಂದೂ ಬರೆಯಿರಿ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದಿಡಿ. ಈ ಗುರುತು ಮುಂದೆ ಏಕೆ ಬೇಕಾಗಬಹುದು ಎಂಬುದಕ್ಕೆ ಈಗ ಬರುತ್ತೇನೆ.

ಲಕ್ವವೋ ಫಾಲಿಜೋ?

ನಮ್ಮ ಊರಿನ ಮಾತಿನಲ್ಲಿ ಬಾಯಿ ಸೊಟ್ಟಗಾದರೂ ಲಕ್ವ, ಕೈಕಾಲು ಬಿದ್ದರೂ ಲಕ್ವ. ಯುನಾನಿಯಲ್ಲಿ ಇವು ಎರಡು ಬೇರೆ ರೋಗ. ಲಕ್ವ ಎಂದರೆ ಮುಖ ಮಾತ್ರ ಸೊಟ್ಟಗಾಗುವುದು. ಫಾಲಿಜ್ ಎಂದರೆ ದೇಹದ ಅರ್ಧಭಾಗ ಸೋಲುವುದು. ಇಬ್ನ್ ಸೀನಾ ಅವರೂ ಎರಡನ್ನು ಬೇರೆ ಬೇರೆಯಾಗಿಯೇ ವಿವರಿಸಿದ್ದಾರೆ. ಸರ್ಪಸುತ್ತು ಈ ಎರಡನ್ನೂ ತರಬಲ್ಲದು.

ಕಿವಿಯೊಳಗೆ, ಕಿವಿಯ ಸುತ್ತ ಗುಳ್ಳೆ ಎದ್ದು, ಅದೇ ಬದಿಯ ಮುಖ ಸೊಟ್ಟಗಾದರೆ ಅದು ಮುಖದ ನರಕ್ಕೆ ತಗುಲಿದ ಪೆಟ್ಟು. 1907ರಲ್ಲಿ ಇದನ್ನು ವಿವರಿಸಿದ ವೈದ್ಯರ ಹೆಸರಿನಿಂದ ರಾಮ್ಸೆ ಹಂಟ್ ಎನ್ನುತ್ತಾರೆ. ಕಣ್ಣು ಮುಚ್ಚುವುದಿಲ್ಲ, ಆ ಬದಿಯ ಹಣೆಯಲ್ಲಿ ಗೆರೆ ಬೀಳುವುದಿಲ್ಲ, ತಲೆಸುತ್ತು, ಕಿವಿ ಮಂದ ಆಗಬಹುದು. ಇದು ಸ್ಟ್ರೋಕ್ ಅಲ್ಲ, ಆದರೆ ಇದಕ್ಕೂ ಮೊದಲ ಮೂರು ದಿನದ ಮಾತ್ರೆಯೇ ಬೆಲೆಬಾಳುವುದು. ಸ್ಟ್ರೋಕಿನಲ್ಲಿ ಸಾಮಾನ್ಯವಾಗಿ ಹಣೆಯ ಗೆರೆ ಉಳಿದು ಬಾಯಿ ಮಾತ್ರ ಜಗ್ಗುತ್ತದೆ, ಜೊತೆಗೆ ಕೈ ಸೋಲುತ್ತದೆ ಅಥವಾ ಮಾತು ತೊದಲುತ್ತದೆ. ಈ ವ್ಯತ್ಯಾಸವನ್ನು ಓದಿಕೊಂಡು ಮನೆಯಲ್ಲೇ ತೀರ್ಮಾನ ಮಾಡಬೇಡಿ. ಇದ್ದಕ್ಕಿದ್ದಂತೆ ಬಾಯಿ ಜಗ್ಗಿತು, ಎರಡೂ ಕೈ ಮುಂದೆ ಚಾಚಿದರೆ ಒಂದು ಕೆಳಗೆ ಬಿತ್ತು, ಮಾತು ಎಡವಿತು, ನಡೆಯುವಾಗ ತೋಲ ತಪ್ಪಿತು, ಕಣ್ಣು ಮಂಜಾಯಿತು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ.

ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಲಕ್ಷಣ ಶುರುವಾಗಿ ನಾಲ್ಕೂವರೆ ಗಂಟೆಯ ಗಡುವು. ಅದರೊಳಗೆ ಸಿ.ಟಿ. ಸ್ಕ್ಯಾನ್ ಆಗಿ, ರಕ್ತಸ್ರಾವ ಇಲ್ಲ ಎಂದು ಖಚಿತವಾಗಬೇಕು. ಹರಿಹರದಿಂದ ದಾವಣಗೆರೆಗೆ ಹದಿನಾಲ್ಕು ಕಿಲೋಮೀಟರ್ ಆಸುಪಾಸು. ದಾರಿ ಅರ್ಧ ಗಂಟೆಯದ್ದು. ಸಮಯ ತಿನ್ನುವುದು ದಾರಿಯಲ್ಲ, ಮನೆಯೊಳಗಿನ ಚರ್ಚೆ. ಅಬ್ಬಾ ಮಲಗಿ ಎದ್ದರೆ ಸರಿಹೋಗುತ್ತಾರೆ, ಮಾಮು ಬರಲಿ, ಯಾವುದೋ ಹಳ್ಳಿಯಲ್ಲಿ ಲಕ್ವಕ್ಕೆ ನಾಟಿ ಔಷಧಿ ಕೊಡುತ್ತಾರಂತೆ ಎನ್ನುವಷ್ಟರಲ್ಲಿ ಆ ನಾಲ್ಕೂವರೆ ಗಂಟೆ ಮುಗಿದಿರುತ್ತದೆ. ಚಿಗಟೇರಿ ಜಿಲ್ಲಾಸ್ಪತ್ರೆ, ಬಾಪೂಜಿ, ಎಸ್.ಎಸ್. ಆಸ್ಪತ್ರೆ ಹೀಗೆ ದಾವಣಗೆರೆಯಲ್ಲಿ ದೊಡ್ಡ ಆಸ್ಪತ್ರೆಗಳಿವೆ. ರಾತ್ರಿ ಹೊತ್ತು ಸ್ಕ್ಯಾನ್ ಮತ್ತು ನರರೋಗ ತಜ್ಞರು ಎಲ್ಲಿ ಸಿಗುತ್ತಾರೆ, ನಿಮ್ಮ ಆಯುಷ್ಮಾನ್ ಕಾರ್ಡ್ ಎಲ್ಲಿ ನಡೆಯುತ್ತದೆ ಎಂದು ಮನೆಯಲ್ಲಿ ಎಲ್ಲರೂ ಚೆನ್ನಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಆಂಬುಲೆನ್ಸ್ ಬರುವವರೆಗೆ ರೋಗಿಯ ಬಾಯಿಗೆ ಏನನ್ನೂ ಹಾಕಬೇಡಿ. ಜೇನುನೀರು ಬೇಡ, ಝಮ್ ಝಮ್ ಕೂಡ ಬೇಡ. ಫಾಲಿಜ್ ರೋಗಿಗೆ ಮೊದಲ ದಿನಗಳಲ್ಲಿ ಮಾಉಲ್ ಅಸಲ್, ಅಂದರೆ ಜೇನುನೀರು ಕೊಡುವ ಪದ್ಧತಿ ನಮ್ಮ ಹಳೆಯ ಗ್ರಂಥಗಳಲ್ಲಿದೆ ನಿಜ. ಆದರೆ ಸ್ಟ್ರೋಕ್ ಆದವರಲ್ಲಿ ನುಂಗುವ ಶಕ್ತಿಯೂ ಸೋತಿರಬಹುದು, ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುತ್ತದೆ. ನುಂಗುತ್ತಾರೋ ಇಲ್ಲವೋ ಎಂದು ಆಸ್ಪತ್ರೆಯಲ್ಲಿ ಪರೀಕ್ಷಿಸಿದ ಮೇಲೆ ಕೊಡಬಹುದು. ಪಾರಿವಾಳದ ರಕ್ತ ಬಳಿಯುವುದರಿಂದ ಯಾವ ಪ್ರಯೋಜನವೂ ಇಲ್ಲ.

ಈಗ ಕ್ಯಾಲೆಂಡರಿನ ಗುರುತಿನ ವಿಷಯ. ಆಸ್ಪತ್ರೆಯಲ್ಲಿ ಬಿ.ಪಿ. ಇದೆಯಾ, ಶುಗರ್ ಇದೆಯಾ, ಹೃದಯದ ತೊಂದರೆ ಇದೆಯಾ ಎಂದು ಕೇಳುತ್ತಾರೆ. ಸರ್ಪಸುತ್ತು ಬಂದಿತ್ತಾ ಎಂದು ಕೇಳದಿರಬಹುದು. ನೀವಾಗಿಯೇ ಹೇಳಿ: ಇಂಥ ತಾರೀಕು, ಹಣೆಯ ಈ ಬದಿಯಲ್ಲಿ, ಇಷ್ಟು ದಿನ ಮಾತ್ರೆ ತೆಗೆದುಕೊಂಡರು. ಏಕೆಂದರೆ ಸಾಮಾನ್ಯ ಸ್ಟ್ರೋಕಿನ ಚಿಕಿತ್ಸೆ ರಕ್ತ ತೆಳುಮಾಡುವ ಮಾತ್ರೆ, ಕೊಬ್ಬಿನ ಮಾತ್ರೆ, ಫಿಸಿಯೋಥೆರಪಿಗೆ ಮುಗಿಯುತ್ತದೆ. ವೈರಸ್ ಕೂತ ನಾಳಕ್ಕೆ ಅಷ್ಟು ಸಾಲದು. ಅದಕ್ಕೆ ಅಸೈಕ್ಲೋವಿರ್ ಅನ್ನು ರಕ್ತನಾಳದ ಮೂಲಕ ಸುಮಾರು ಎರಡು ವಾರ ಕೊಡಬೇಕಾಗುತ್ತದೆ. ಕೊಡದಿದ್ದರೆ ಒಂದಾದ ಮೇಲೊಂದು ನಾಳ ಕೆಡಬಹುದು.

ಅನುಮಾನ ಬಂದಾಗ ವೈದ್ಯರು ಎಂ.ಆರ್.ಐ. ಜೊತೆಗೆ 'ಬೆನ್ನಿನ ನೀರು' ತೆಗೆದು ಪರೀಕ್ಷಿಸಬೇಕು ಎನ್ನುತ್ತಾರೆ. ಇಲ್ಲಿ ಬಹಳ ಮನೆಯವರು ಬೇಡ ಎಂದುಬಿಡುತ್ತಾರೆ. ಬೆನ್ನಿನ ನೀರು ತೆಗೆದರೆ ಕಾಲು ಹೋಗುತ್ತದೆ ಎಂಬ ಮಾತು ನಮ್ಮ ಕಡೆ ಬಲವಾಗಿದೆ. ಸೂಜಿ ಹಾಕುವುದು ಬೆನ್ನುಹುರಿ ಮುಗಿದ ನಂತರದ ಕೆಳಜಾಗದಲ್ಲಿ. ಸಾಮಾನ್ಯವಾಗಿ ಆಗುವ ತೊಂದರೆಯೆಂದರೆ ಒಂದೆರಡು ದಿನದ ತಲೆನೋವು. ಮೇಲೆ ಹೇಳಿದ 30 ರೋಗಿಗಳ ವರದಿಯಲ್ಲಿ ಆ ನೀರಿನಲ್ಲಿ ವೈರಸ್ಸಿನ ಡಿಎನ್‌ಎ ಸಿಕ್ಕಿದ್ದು ಶೇ. 30 ಮಂದಿಯಲ್ಲಿ. ವೈರಸ್ಸಿನ ವಿರುದ್ಧದ ಪ್ರತಿಕಾಯ ಸಿಕ್ಕಿದ್ದು ಶೇ. 93 ಮಂದಿಯಲ್ಲಿ. ಆದ್ದರಿಂದ ಡಿಎನ್‌ಎ ಪರೀಕ್ಷೆ ನೆಗೆಟಿವ್ ಬಂದ ಮಾತ್ರಕ್ಕೆ ರೋಗ ಇಲ್ಲ ಎಂದಾಗುವುದಿಲ್ಲ, ಪ್ರತಿಕಾಯದ ಪರೀಕ್ಷೆ ಆಗಿದೆಯೇ ಎಂದು ವೈದ್ಯರನ್ನು ಗೌರವದಿಂದಲೇ ಕೇಳಬಹುದು.

ಮಕ್ಕಳ ಬಗ್ಗೆಯೂ ಒಂದು ಮಾತು. ಸೀತಾಳೆ ಬಂದು ಹೋದ ಆರು ತಿಂಗಳೊಳಗೆ ಮಕ್ಕಳಲ್ಲಿ ಸ್ಟ್ರೋಕಿನ ಪ್ರಮಾಣ ಸುಮಾರು ನಾಲ್ಕು ಪಟ್ಟು ಏರುವುದನ್ನು ಬ್ರಿಟನ್ನಿನ ಇನ್ನೊಂದು ಅಧ್ಯಯನ ಕಂಡಿದೆ. ಮಕ್ಕಳಲ್ಲಿ ಸ್ಟ್ರೋಕ್ ತೀರಾ ಅಪರೂಪವಾದ್ದರಿಂದ ನಾಲ್ಕು ಪಟ್ಟಾದರೂ ಅಪರೂಪವೇ. ಆದರೆ ಮಗು ಹಠಾತ್ತನೆ ಒಂದು ಕೈ ಬಳಸುವುದನ್ನು ಬಿಟ್ಟರೆ 'ಎಲ್ಲೋ ಬಿದ್ದಿರಬೇಕು' ಎಂದು ಎಣ್ಣೆ ತಿಕ್ಕಿ ಕೂರಬೇಡಿ.

ಮನೆಯ ಶುಚಿ ಮತ್ತು ಲಸಿಕೆ

ಗುಳ್ಳೆಯ ನೀರಿನಲ್ಲಿ ವೈರಸ್ ಇರುತ್ತದೆ. ಅದು ತಗುಲಿದವರಿಗೆ ಸರ್ಪಸುತ್ತು ಬರುವುದಿಲ್ಲ, ಆದರೆ ಹಿಂದೆ ಸೀತಾಳೆ ಆಗದವರಿಗೆ ಸೀತಾಳೆ ಬರಬಹುದು. ಆದ್ದರಿಂದ ಎಲ್ಲಾ ಹಕ್ಕಳೆಗಟ್ಟುವವರೆಗೆ ಗರ್ಭಿಣಿಯರು, ಎಳೆಗೂಸುಗಳು ರೋಗಿಯ ಹಾಸಿಗೆಯಿಂದ ದೂರವಿರಲಿ. ದಾದಿಗೆ ಸರ್ಪಸುತ್ತು ಬಂದಾಗ ಮೊಮ್ಮಗುವನ್ನು ಅವರ ಮಡಿಲಲ್ಲಿ ಮಲಗಿಸುವುದನ್ನು ಕೆಲವು ದಿನ ನಿಲ್ಲಿಸಬೇಕು, ಅವರು ಬೇಸರಪಟ್ಟರೂ. ಟವೆಲ್, ದುಪಟ್ಟಾ, ದಿಂಬಿನ ಹೊದಿಕೆ ಬೇರೆ ಇರಲಿ. ಗುಳ್ಳೆಯನ್ನು ಸಡಿಲವಾದ ಹತ್ತಿಬಟ್ಟೆಯಿಂದ ಮುಚ್ಚಿ. ನೀರು ಸೋಕಿದರೆ ರೋಗ ಹೆಚ್ಚುವುದಿಲ್ಲ, ಮೆಲ್ಲಗೆ ತೊಳೆದು ಒರೆಸದೆ ಒತ್ತಿ ಒಣಗಿಸಿ. ವುಝೂವಿನ ಅಂಗದ ಮೇಲೆ ಪಟ್ಟಿ ಇದ್ದರೆ ಮಸಹ್ ಮಾಡುವ ವಿಧಾನವನ್ನು ಆಲಿಮರಿಂದ ತಿಳಿಯಿರಿ.

ಐವತ್ತು ದಾಟಿದವರಿಗೆ ಸರ್ಪಸುತ್ತಿನ ಲಸಿಕೆ ಶಿಂಗ್ರಿಕ್ಸ್ 2023ರಿಂದ ಭಾರತದಲ್ಲೂ ಸಿಗುತ್ತಿದೆ. ಎರಡು ಡೋಸ್, ನಡುವೆ ಎರಡರಿಂದ ಆರು ತಿಂಗಳ ಅಂತರ. ಐವತ್ತು ದಾಟಿದವರ ಮೇಲೆ ನಡೆದ ದೊಡ್ಡ ಪ್ರಯೋಗಗಳಲ್ಲಿ ಸರ್ಪಸುತ್ತನ್ನು ಶೇ. 90ಕ್ಕಿಂತ ಹೆಚ್ಚು ತಡೆದಿದೆ. ಸರ್ಕಾರದ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ, ಬೆಲೆ ದುಬಾರಿ, ಎಲ್ಲರ ಕೈಗೆಟುಕುವಂಥದ್ದಲ್ಲ. ಇದರಲ್ಲಿ ಹಂದಿಯ ಅಂಶ ಇದೆಯೇ ಎಂದು ಹಲವರು ಕೇಳುತ್ತಾರೆ. ವಿದೇಶಗಳಲ್ಲಿ ಮೊದಲು ಬಳಕೆಯಲ್ಲಿದ್ದ ಝೋಸ್ಟಾವ್ಯಾಕ್ಸ್ ಎಂಬ ಲಸಿಕೆಯಲ್ಲಿ ಹಂದಿಯ ಜೆಲಟಿನ್ ಇತ್ತು, ಗೊಂದಲ ಅಲ್ಲಿಂದ ಬಂದದ್ದು. ಶಿಂಗ್ರಿಕ್ಸಿನಲ್ಲಿ ಜೆಲಟಿನ್ ಇಲ್ಲ. ಒಮ್ಮೆ ಸರ್ಪಸುತ್ತು ಬಂದವರೂ ಗುಣವಾದ ಮೇಲೆ ತೆಗೆದುಕೊಳ್ಳಬಹುದು, ಗುಳ್ಳೆ ಇರುವಾಗ ಮಾತ್ರ ಹಾಕುವುದಿಲ್ಲ.